ನೈಲ್ ಹಾಕಿದ ಟಿಬಿಯಾ ಮುರಿತ: ಕ್ಯಾಲಸ್ ನೋಡಲು ಅಲ್ಟ್ರಾಸೌಂಡ್ ಆಗುತ್ತಾ?

ಆರ್ಥೋ_ಪಿಜಿ:
ಟಿಬಿಯಾ (ಮೊಣಕಾಲಿನ ಕೆಳಗಿನ ದಪ್ಪ ಮೂಳೆ) ಶಾಫ್ಟ್ ಅಂದರೆ ನಡುಭಾಗದ ಮುರಿತ, ಮೂಳೆಯೊಳಗೆ ನೈಲ್ (ಲೋಹದ ಸರಳು) ಇದೆ. ಆರನೇ ವಾರದ ಎಕ್ಸ್‌ರೇಯಲ್ಲಿ ಕ್ಯಾಲಸ್ (ಮುರಿತ ಕೂಡಿಸುವ ಹೊಸ ಅಂಗಾಂಶ) ಇದೆಯೋ ಇಲ್ಲವೋ ಹೇಳಲು ಆಗುತ್ತಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ನೋಡಿದರೆ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ. ಹೋಲಿಸುವುದು ಹೇಗೆ?

ಸ್ಕ್ಯಾನ್_ರೂಮ್:
ಕ್ಯಾಲಸ್‌ನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಸೇರುವ ತನಕ ಎಕ್ಸ್‌ರೇಗೆ ಅದು ಕಾಣಿಸದು. ಅಲ್ಟ್ರಾಸೌಂಡ್ ಮೃದು ಕ್ಯಾಲಸ್ಸನ್ನೇ ತೋರಿಸುತ್ತದೆ, ಹಾಗಾಗಿ ಈ ಹಂತದಲ್ಲಿ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಲೀನಿಯರ್ ಪ್ರೋಬ್ (ಚರ್ಮದ ಮೇಲಿಡುವ ನೇರ ಮುಖದ ಸಾಧನ), 10 ಮೆಗಾಹರ್ಟ್ಜ್ ಆಸುಪಾಸು, ಡೆಪ್ತ್ 3 ಸೆಂ.ಮೀ., ಫೋಕಸ್ ಮೂಳೆಯ ಮೇಲ್ಮೈ ಮಟ್ಟಕ್ಕೆ. ಟಿಬಿಯಾದ ಒಳಬದಿ ಚರ್ಮದ ಕೆಳಗೇ ಇರುವುದರಿಂದ ಜೆಲ್ ದಪ್ಪಗೆ ಹಾಕಿ, ಒತ್ತಬೇಡಿ.

ಚಿತ್ರ ಬದಲಾಗುವುದಕ್ಕೆ ಮುಖ್ಯ ಕಾರಣ ಕೋನ. ಪ್ರೋಬ್ ಸ್ವಲ್ಪ ವಾಲಿದರೂ ಪ್ರತಿಧ್ವನಿ ಬೇರೆ ಕಡೆಗೆ ಹೋಗಿ ಮೂಳೆಯ ಅಂಚು ಮಸುಕಾಗುತ್ತದೆ. ಕೂಡಿದ ಜಾಗವೂ ಬಿರುಕಿನಂತೆ ಕಾಣಬಹುದು. ಅಂಚು ಅತಿ ಹೊಳೆಯುವ ಕೋನ ಸಿಗುವ ತನಕ ಪ್ರೋಬ್ ತಿರುಗಿಸಿ. ಕಣಕಾಲಿನ ಒಳಬದಿಯ ಮೂಳೆಗಂಟಿನ ತುದಿಯಿಂದ ಮುರಿತಕ್ಕೆ ಎಷ್ಟು ಸೆಂ.ಮೀ. ಎಂದು ಅಳೆದು ಬರೆದಿಡಿ. ಡೆಪ್ತ್, ಗೇನ್ (ಪ್ರತಿಧ್ವನಿಯನ್ನು ಹಿಗ್ಗಿಸುವ ಮಟ್ಟ), ಫ್ರೀಕ್ವೆನ್ಸಿ ಪ್ರತಿ ಸಲವೂ ಅವೇ ಇರಲಿ.

ಆರಂಭದಲ್ಲಿ ಬಿರುಕಿನ ನಡುವೆ ರಕ್ತ ಹೆಪ್ಪುಗಟ್ಟಿದ್ದು ಕಪ್ಪಾಗಿರುತ್ತದೆ, ಆಮೇಲೆ ಬೂದು ಮಚ್ಚೆಗಳು, ಕೊನೆಗೆ ಎರಡೂ ಅಂಚು ಸೇರಿಸುವ ಹೊಳೆಯುವ ಗೆರೆ, ಅದರ ಹಿಂದೆ ನೆರಳು. ನೈಲ್ ಇದ್ದವರಲ್ಲಿ ಇನ್ನೊಂದು ಒಳ್ಳೆಯ ಗುರುತಿದೆ: ಬಿರುಕಿನ ಮೂಲಕ ಕಾಣುತ್ತಿದ್ದ ನೈಲಿನ ಹೊಳಪು, ಕ್ಯಾಲಸ್ ತುಂಬಿದಂತೆ ಮಾಯವಾಗುತ್ತದೆ. ವಾರಗಳು ಕಳೆದರೂ ಅಷ್ಟೇ ಸ್ಪಷ್ಟವಾಗಿದ್ದರೆ ಅನುಮಾನಿಸಬೇಕು. ಆದರೆ ಓರೆ ಮುರಿತದಲ್ಲಿ, ಅಥವಾ ಮೂಳೆಚೂರು ಬಿರುಕಿಗೆ ಅಡ್ಡ ಬಂದಿದ್ದರೆ, ನೈಲ್ ಮೊದಲಿನಿಂದಲೇ ಕಾಣುವುದಿಲ್ಲ. ಶುರುವಿನ ಸ್ಕ್ಯಾನ್ ಇಲ್ಲದೆ ಈ ಗುರುತನ್ನು ನಂಬಬೇಡಿ.

ಡಾಪ್ಲರ್_ಪ್ರಿಯ:
ಪವರ್ ಡಾಪ್ಲರ್ (ರಕ್ತಹರಿವನ್ನು ಬಣ್ಣದಲ್ಲಿ ತೋರಿಸುವ ವಿಧಾನ) ಕೂಡ ಹಾಕಿ ನೋಡಿ. ಪಿಆರ್‌ಎಫ್ (ಸೆಕೆಂಡಿಗೆ ಕಳಿಸುವ ಶಬ್ದಮಿಡಿತಗಳ ಸಂಖ್ಯೆ) 0.5ರಿಂದ 1 ಕಿಲೋಹರ್ಟ್ಜ್, ವಾಲ್ ಫಿಲ್ಟರ್ (ನಿಧಾನ ಚಲನೆಯ ಸಂಕೇತ ತೆಗೆದುಹಾಕುವ ಸೋಸು) ಕಡಿಮೆ. ಗೇನನ್ನು ಚುಕ್ಕಿಗಳು ಏಳುವ ತನಕ ಏರಿಸಿ ಸ್ವಲ್ಪ ಇಳಿಸಿ. ಒತ್ತಿದರೆ ಹೊಸ ರಕ್ತನಾಳಗಳು ಮುಚ್ಚಿಹೋಗುತ್ತವೆ. ಲೋಹ ಮತ್ತು ಮೂಳೆಯಂಚಿನಲ್ಲಿ ಸುಳ್ಳು ಬಣ್ಣ ಬರುವುದುಂಟು. ಸ್ಪೆಕ್ಟ್ರಲ್ ಅಲೆ (ಹರಿವಿನ ವೇಗದ ಏರಿಳಿತದ ನಕ್ಷೆ) ಸಿಕ್ಕರೆ ಮಾತ್ರ ಅದು ರಕ್ತಹರಿವು.

ಮೂಳೆ_ತಜ್ಞ:
ಆರ್ಥೋ_ಪಿಜಿ, ಒಂದು ಮಾತು ನೆನಪಿರಲಿ. ಶಬ್ದ ಮೂಳೆಯೊಳಗೆ ಹೊಕ್ಕು ನಿಮಗೆ ಚಿತ್ರ ಕೊಡುವುದಿಲ್ಲ, ಸಿಗುವುದು ಹೊರಮೈ ಮಾತ್ರ. ಒಂದು ಬದಿಯಲ್ಲಿ ಸೇತುವೆ ಕಟ್ಟಿತೆಂದು ಪೂರ್ತಿ ಭಾರ ಹಾಕಿಸಬೇಡಿ. ಎಪಿ (ಮುಂದಿನಿಂದ) ಮತ್ತು ಲ್ಯಾಟರಲ್ (ಪಕ್ಕದಿಂದ) ಎಕ್ಸ್‌ರೇಗಳಲ್ಲಿ ಕಾಣುವ ನಾಲ್ಕು ಕಾರ್ಟೆಕ್ಸ್‌ಗಳ (ಮೂಳೆಯ ಗಟ್ಟಿ ಹೊರಗೋಡೆ) ಪೈಕಿ ಮೂರಾದರೂ ಕೂಡಿರಬೇಕು, ಭಾರ ಹಾಕಿದಾಗ ನೋವು ಇರಬಾರದು. ಸಂದೇಹ ಉಳಿದರೆ ಸಿಟಿ ಸ್ಕ್ಯಾನ್.

ಮೂಳೆ ಬೇಗ ಕೂಡಲೆಂದು ಕೊಡುವ ಚಿಕಿತ್ಸೆಯ ಅಲ್ಟ್ರಾಸೌಂಡ್ ಬೇರೆ ವಿಷಯ: 1.5 ಮೆಗಾಹರ್ಟ್ಜ್, ದಿನಕ್ಕೆ 20 ನಿಮಿಷ. ಶಸ್ತ್ರಚಿಕಿತ್ಸೆಯಾದ ಟಿಬಿಯಾ ಮುರಿತಗಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲವೆಂದು 2016ರ ಟ್ರಸ್ಟ್ (TRUST) ಎಂಬ ಅಧ್ಯಯನ ಹೇಳಿದೆ.

ಆರ್ಥೋ_ಪಿಜಿ:
ಧನ್ಯವಾದ ಸರ್. ನೈಲ್ ಬದಲು ಮೂಳೆಯ ಮೇಲೆ ಕೂರಿಸಿದ ಲೋಹದ ಪ್ಲೇಟ್ ಇದ್ದರೆ?

ಸ್ಕ್ಯಾನ್_ರೂಮ್:
ಪ್ಲೇಟ್ ಇರುವ ಬದಿಯಲ್ಲಿ ಲೋಹದ ಮರುಪ್ರತಿಫಲನ ಎಲ್ಲವನ್ನೂ ಮುಚ್ಚುತ್ತದೆ, ಬೇರೆ ಬದಿಯಿಂದ ನೋಡಿ. ಪ್ಲೇಟಿನಿಂದ ಅಂಚುಗಳನ್ನು ಬಿಗಿಯಾಗಿ ಒತ್ತಿ ಕೂಡಿಸಿದ್ದರೆ ಮೂಳೆ ಕ್ಯಾಲಸ್ ಇಲ್ಲದೆಯೇ ನೇರ ಕೂಡುತ್ತದೆ. ಅಲ್ಲಿ ಕ್ಯಾಲಸ್ ಕಾಣದಿದ್ದರೆ ಕೂಡಿಲ್ಲವೆಂದು ವರದಿ ಬರೆಯಬಾರದು.