ಡಿ ಡ್ರೈವ್ ಕೆಂಪಾಗಿದೆ: ರಿಕವರಿ ಪಾರ್ಟಿಷನ್ ಅಳಿಸಬೇಕಾ, ಬಿಡಬೇಕಾ?

ರಾಯಚೂರು ರಾತ್ರಿಪಾಳಿ
ಮನೆಯ ಲ್ಯಾಪ್‌ಟಾಪ್ ವಿಂಡೋಸ್ 10. ಸಿ ಡ್ರೈವ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇದೆ. ಆದರೆ ಡಿ ಡ್ರೈವ್ ಪೂರ್ತಿ ಕೆಂಪು. ಅದರ ಹೆಸರು ರಿಕವರಿ, ಗಾತ್ರ 20 ಜಿಬಿ, ಉಳಿದಿರುವುದು 40 ಎಂಬಿ ಅಷ್ಟೇ. ಆನ್ ಮಾಡಿದಾಗಲೆಲ್ಲ ಮೂಲೆಯಲ್ಲಿ ‘ಲೋ ಡಿಸ್ಕ್ ಸ್ಪೇಸ್’ ಅಂತ ಬರುತ್ತದೆ. ಹತ್ತಿರದ ಅಂಗಡಿಯವರನ್ನು ಕೇಳಿದೆ. ಡಿ ಫಾರ್ಮ್ಯಾಟ್ ಮಾಡಿಬಿಡೋಣ, ಐದು ನಿಮಿಷದ ಕೆಲಸ ಅಂದರು. ಮಗಳ ಪಿಯುಸಿ ನೋಟ್ಸ್, ಮನೆ ಫೋಟೋ ಎಲ್ಲ ಈ ಲ್ಯಾಪ್‌ಟಾಪ್‌ನಲ್ಲೇ ಇವೆ. ಫಾರ್ಮ್ಯಾಟ್ ಮಾಡಿಸಬಹುದಾ?

ಸಿಂಧನೂರು ಸಿಸ್ಟಮ್
ಮಾಡಿಸಿ. ಅದರೊಳಗೆ ಇರುವುದು ಫ್ಯಾಕ್ಟರಿಯಲ್ಲಿ ಹಾಕಿದ ಹಳೇ ವಿಂಡೋಸ್. ಯಾರಿಗೆ ಬೇಕು ಅದು? 20 ಜಿಬಿ ಸುಮ್ನೆ ದಂಡ.

ಕೌಲ್ ಬಜಾರ್ ಡಿಟಿಪಿ
ಸ್ವಲ್ಪ ತಡೆಯಿರಿ. ಯಾರು ತುಂಬಿದರು ಅಂತ ನೋಡದೆ ಅಳಿಸುವ ಮಾತು ಯಾಕೆ? ರಿಕವರಿ ಪಾರ್ಟಿಷನ್, ಅಂದರೆ ವಿಂಡೋಸ್ ಕೆಟ್ಟರೆ ವಾಪಸ್ ಹಾಕಲು ಡಿಸ್ಕ್‌ನಲ್ಲಿ ಬೇರೆ ಮಾಡಿಟ್ಟ ಭಾಗ, ಫ್ಯಾಕ್ಟರಿಯಿಂದ ಬರುವಾಗಲೇ ಹೆಚ್ಚುಕಡಿಮೆ ತುಂಬಿಕೊಂಡೇ ಬರುತ್ತದೆ. ಅದರಲ್ಲಿ ಎಷ್ಟು ಹಿಡಿಸಬೇಕೋ ಅಷ್ಟಕ್ಕೇ ಜಾಗ ಅಳೆದಿರುತ್ತಾರೆ. ಹಾಗಾಗಿ ಬರೀ ಕೆಂಪು ಪಟ್ಟಿ ಕಂಡರೆ ರೋಗ ಅಂತ ಅಲ್ಲ. ಮೊದಲು ಇಲ್ಲದ ಎಚ್ಚರಿಕೆ ಈಗ ಬರುತ್ತಿದೆ ಅಂದರೆ ಮಾತ್ರ ಹೊಸದೇನೋ ಒಳಗೆ ಸೇರಿರಬಹುದು.

ನಮ್ಮ ಕಡೆ ಒಂದು ರೂಢಿ ಇದೆಯಲ್ಲ, ‘ಎಲ್ಲಾ ಡಿ ಡ್ರೈವ್‌ನಲ್ಲಿ ಇಡಿ, ಸಿ ಹೋದರೂ ಡಿ ಉಳಿಯುತ್ತದೆ’ ಅಂತ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗೆ ಆ ಮಾತು ಸರಿ ಇತ್ತು. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಆ ಡಿ ರಿಕವರಿಯೇ ಆಗಿರಬಹುದು. ಬಳ್ಳಾರಿಯಲ್ಲಿ ನನ್ನ ಬಳಿ ಬರುವ ಗಿರಾಕಿಗಳ ಲ್ಯಾಪ್‌ಟಾಪ್‌ನಲ್ಲಿ ಮದುವೆ ಕಾರ್ಡ್, ನುಡಿ ಫೈಲ್, ಆಧಾರ್ ಸ್ಕ್ಯಾನ್ ಎಲ್ಲ ಅಲ್ಲೇ ಕೂತಿರುತ್ತವೆ. ಫಾರ್ಮ್ಯಾಟ್ ಒತ್ತಿದರೆ ಅವೂ ಹೋದವು.

ಗಂಗಾವತಿ ಗೂಡಂಗಡಿ
ಡಿ ತುಂಬಿದರೆ ಲ್ಯಾಪ್‌ಟಾಪ್ ನಿಧಾನ ಆಗುವುದಿಲ್ವಾ? ನಮ್ಮದೂ ಹಂಗೇ ಇದೆ, ಬೇಸಿಗೆಯಲ್ಲಂತೂ ತೆವಳುತ್ತದೆ.

ಕೌಲ್ ಬಜಾರ್ ಡಿಟಿಪಿ
ಬೇಸಿಗೆಯಲ್ಲಿ ತೆವಳಿದರೆ ಫ್ಯಾನ್ ಧೂಳು ಒರೆಸಿ ನೋಡಿ. ವಿಂಡೋಸ್ ಓಡುವುದು ಸಿ ಮೇಲೆ. ಓಡುವಾಗ ಬೇಕಾಗುವ ತಾತ್ಕಾಲಿಕ ಫೈಲ್‌ಗಳು (ಪೇಜ್ ಫೈಲ್, ಟೆಂಪ್ ಫೈಲ್) ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಸಿ ತುಂಬಿದರೆ ನಿಧಾನ ಆಗುತ್ತದೆ. ರಿಕವರಿ ತುಂಬಿದರೆ ಎಚ್ಚರಿಕೆಯ ಕಿರಿಕಿರಿ ಬಿಟ್ಟರೆ ಬೇರೆ ತೊಂದರೆ ಇಲ್ಲ.

ಕೊಪ್ಪಳ ಮೇಷ್ಟ್ರು
ರಾತ್ರಿಪಾಳಿಯವರೇ, ಡಿ ತೆರೆದು ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ ಗುರುತು ಹಾಕಿ ನೋಡಿ. ಮೂರು ಜಾತಿಯ ಸಾಮಾನು ಸಿಗಬಹುದು. ನಿಮ್ಮದೇ ಫೋಟೋ, ವಿಡಿಯೋ ಇದ್ದರೆ ಡಿಲೀಟ್ ಮಾಡಬೇಡಿ, ಸಿ ಡ್ರೈವ್‌ಗೆ ಕಟ್ ಮಾಡಿ ಹಾಕಿ. ನಿಮ್ಮ ಕಂಪ್ಯೂಟರಿನ ಹೆಸರಿನದೇ ಒಂದು ಫೋಲ್ಡರ್, ಪಕ್ಕದಲ್ಲಿ ‘ಮೀಡಿಯಾಐಡಿ’ ಅನ್ನುವ ಸಣ್ಣ ಫೈಲ್ ಇದ್ದರೆ, ವಿಂಡೋಸ್ 7 ಕಾಲದ ‘ಬ್ಯಾಕಪ್ ಅಂಡ್ ರಿಸ್ಟೋರ್’ ಅಲ್ಲಿ ಬ್ಯಾಕಪ್ ಸುರಿಯುತ್ತಿದೆ. ಆ ಟೂಲ್ ವಿಂಡೋಸ್ 10ರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈಗಲೂ ಇದೆ. ಇನ್ನೊಂದು ಸಿಸ್ಟಮ್ ರಿಸ್ಟೋರ್. ಅದು ಅಡಗಿದ ಫೋಲ್ಡರಿನಲ್ಲಿ ರಿಸ್ಟೋರ್ ಪಾಯಿಂಟ್‌ಗಳನ್ನು, ಅಂದರೆ ವಿಂಡೋಸ್ ಹಿಂದಿನ ಸ್ಥಿತಿಗೆ ಮರಳಲು ಬೇಕಾದ ದಾಖಲೆಗಳನ್ನು, ಕೂಡಿಡುತ್ತದೆ. ‘ಸಿಸ್ಟಮ್ ಪ್ರೊಟೆಕ್ಷನ್’ ತೆರೆದು, ಡಿ ಎದುರು ‘ಆನ್’ ಇದ್ದರೆ ‘ಕಾನ್ಫಿಗರ್’ ಒತ್ತಿ ಆಫ್ ಮಾಡಿ. ಸಿ ಡ್ರೈವ್‌ದು ಮಾತ್ರ ಆನ್ ಇರಲಿ.

ಕಂಪನಿ ಹಾಕಿದ ರಿಕವರಿ, ಬೂಟ್ ಅನ್ನುವ ಹೆಸರಿನ ಫೋಲ್ಡರ್ ಮುಟ್ಟಬೇಡಿ.

ಸಿಂಧನೂರು ಸಿಸ್ಟಮ್
ಇಷ್ಟೆಲ್ಲ ಮಾಡಿ ಉಳಿಸಿಕೊಂಡು ಏನು ಉಪಯೋಗ? ವಿಂಡೋಸ್ 8 ಬಂದಾಗಿನಿಂದ ಅದರ ಜೊತೆ ಬಂದ ಲ್ಯಾಪ್‌ಟಾಪ್‌ಗಳ ವಿಂಡೋಸ್ ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿದರೆ ಸ್ವಚ್ಛ ವಿಂಡೋಸ್ ಸಿಗುತ್ತದೆ. ಫ್ಯಾಕ್ಟರಿ ಕಾಪಿಗೆ ವಾಪಸ್ ಹೋದರೆ ಬೇಡದ ಆಪ್‌ಗಳು, ಅವಧಿ ಮುಗಿದ ಆಂಟಿವೈರಸ್, ವರ್ಷಗಟ್ಟಲೆ ಬಾಕಿ ಇರುವ ಅಪ್‌ಡೇಟ್ ಎಲ್ಲ ವಾಪಸ್ ಬರುತ್ತವೆ. ಅದೂ ಅಲ್ಲದೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು.

ಕೊಪ್ಪಳ ಮೇಷ್ಟ್ರು
ಪೆನ್‌ಡ್ರೈವ್ ಒಳ್ಳೆಯದು, ಒಪ್ಪಿದೆ. ಆದರೆ ಹಳ್ಳಿಯಲ್ಲಿ ಮೊಬೈಲ್ ಡೇಟಾದಲ್ಲಿ ನಾಲ್ಕೈದು ಜಿಬಿ ಇಳಿಸುವವರ ಕಷ್ಟ ನೋಡಿದ್ದೀರಾ? ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಇನ್ನೊಂದು, ಸ್ವಚ್ಛ ವಿಂಡೋಸ್ ಹಾಕಿದ ಮೇಲೆ ವೈಫೈ ಡ್ರೈವರ್ (ವೈಫೈ ಕೆಲಸ ಮಾಡಿಸುವ ಸಾಫ್ಟ್‌ವೇರ್) ಸಿಗದೇ ಕೂತವರಿದ್ದಾರೆ. ನೆಟ್ ಇಲ್ಲದೆ ಡ್ರೈವರ್ ಇಲ್ಲ, ಡ್ರೈವರ್ ಇಲ್ಲದೆ ನೆಟ್ ಇಲ್ಲ. ಫ್ಯಾಕ್ಟರಿ ಕಾಪಿಯಲ್ಲಿ ಡ್ರೈವರ್ ಜೊತೆಗೇ ಇರುತ್ತವೆ.

ಸಿಂಧನೂರು ಸಿಸ್ಟಮ್
ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ ಮೇಷ್ಟ್ರೇ. ಇದೊಂದು ಕಾರಣ ಹೇಳಿ 20 ಜಿಬಿ ಕಟ್ಟಿಹಾಕಬೇಡಿ. 128 ಜಿಬಿ ಎಸ್‌ಎಸ್‌ಡಿ ಇರುವವನಿಗೆ ಅದು ಚಿಕ್ಕ ಜಾಗವಲ್ಲ.

ಕೌಲ್ ಬಜಾರ್ ಡಿಟಿಪಿ
128 ಇದ್ದವರಿಗೆ ನಿಮ್ಮ ಮಾತು ಸರಿ. ಇವರ ಸಿ ಡ್ರೈವ್ ಅರ್ಧ ಖಾಲಿ ಇದೆ ಅಂತ ಮೊದಲೇ ಹೇಳಿದ್ದಾರಲ್ವಾ? ಜಾಗದ ತೊಂದರೆಯೇ ಇಲ್ಲದವರಿಗೆ ಜಾಗ ಮಾಡಿಕೊಡಲು ಹೊರಟಿದ್ದೀರಿ. ಮತ್ತೆ, ಡಿ ಅಳಿಸಿದ ತಕ್ಷಣ ಆ ಜಾಗ ಸಿ ಡ್ರೈವ್‌ಗೆ ಸೇರುವುದಿಲ್ಲ. ಎರಡರ ನಡುವೆ ಇನ್ನೊಂದು ಸಣ್ಣ ಪಾರ್ಟಿಷನ್ ಇದ್ದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಟೂಲ್‌ನಲ್ಲಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಬ್ಬಾಗಿರುತ್ತದೆ, ಒತ್ತಲು ಬರುವುದಿಲ್ಲ.

ಗಂಗಾವತಿ ಗೂಡಂಗಡಿ
ನಮ್ಮದರಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ರಿಕವರಿ ಅಂತ ಎರಡು ಕಾಣುತ್ತವೆ. ಒಂದು 500 ಎಂಬಿ ಆಸುಪಾಸು, ಇನ್ನೊಂದು ದೊಡ್ಡದು. ಯಾವುದು ಅಸಲಿ?

ಕೊಪ್ಪಳ ಮೇಷ್ಟ್ರು
ಎರಡೂ ಅಸಲಿ, ಕೆಲಸ ಬೇರೆ. ಸಣ್ಣದು ವಿಂಡೋಸ್‌ದು. ಸಿಸ್ಟಮ್ ಬೂಟ್ (ಶುರು) ಆಗದಿದ್ದಾಗ ನೀಲಿ ಪರದೆಯಲ್ಲಿ ‘ಟ್ರಬಲ್‌ಶೂಟ್’ ಬರುತ್ತದಲ್ಲ, ಅದು ಅಲ್ಲಿಂದ ಬರುತ್ತದೆ. ದೊಡ್ಡದು ಲ್ಯಾಪ್‌ಟಾಪ್ ಕಂಪನಿಯದು, ಫ್ಯಾಕ್ಟರಿ ಕಾಪಿ ಇರುವುದು ಅದರಲ್ಲಿ. ಸಿಂಧನೂರಿನವರ ವಾದ ದೊಡ್ಡದಕ್ಕೆ ಮಾತ್ರ ಹೊಂದುತ್ತದೆ. ಸಣ್ಣದನ್ನು ಯಾರೂ ಅಳಿಸಬಾರದು.

ಸಣ್ಣದರ ಕಿರಿಕಿರಿ ಬೇರೆ ಥರ. 2018ರ ಏಪ್ರಿಲ್ ಅಪ್‌ಡೇಟ್, ಅಂದರೆ 1803, ಬಂದಾಗ ಕೆಲವು ಕಂಪ್ಯೂಟರ್‌ಗಳಲ್ಲಿ ಅಡಗಿರಬೇಕಾದ ಪಾರ್ಟಿಷನ್‌ಗೆ ಸಿ, ಡಿ ಥರದ ಡ್ರೈವ್ ಅಕ್ಷರ ಸಿಕ್ಕಿಬಿಟ್ಟಿತು. ಅಕ್ಷರ ಸಿಕ್ಕಿದ ಕೂಡಲೇ ವಿಂಡೋಸ್ ಜಾಗ ಅಳೆಯಲು ಶುರು ಮಾಡಿ ಎಚ್ಚರಿಕೆ ಕೊಡತೊಡಗಿತು. ಆಮೇಲೆ 2024ರ ಜನವರಿಯಲ್ಲಿ ಕೆಬಿ5034441 ಅನ್ನುವ ಅಪ್‌ಡೇಟ್ ಬಂತು. ಆ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಜಾಗ ಇಲ್ಲದ ಕಡೆ ಅದು ಇನ್‌ಸ್ಟಾಲ್ ಆಗದೆ ಎರರ್ ಕೊಡುತ್ತಿತ್ತು.

ರಾಯಚೂರು ರಾತ್ರಿಪಾಳಿ
ಎಲ್ಲರಿಗೂ ಥ್ಯಾಂಕ್ಸ್. ನೋಡಿದೆ. ಫೋಟೋ ಯಾವುದೂ ಡಿ ಒಳಗೆ ಇಲ್ಲ. ಆದರೆ ಮೇಷ್ಟ್ರು ಹೇಳಿದ ಹಾಗೆ ಕಂಪ್ಯೂಟರ್ ಹೆಸರಿನ ಫೋಲ್ಡರ್ ಸಿಕ್ಕಿತು, 6 ಜಿಬಿ. ಬ್ಯಾಕಪ್ ಯಾರು ಹಚ್ಚಿಟ್ಟರೋ ಗೊತ್ತಿಲ್ಲ, ಭಾನುವಾರಕ್ಕೊಮ್ಮೆ ಅಂತ ಸೆಟ್ ಆಗಿದೆ. ಇದನ್ನು ಅಳಿಸಿದರೆ ಬ್ಯಾಕಪ್ ಇಲ್ಲದ ಹಾಗೆ ಆಗುತ್ತದಲ್ಲ?

ಕೌಲ್ ಬಜಾರ್ ಡಿಟಿಪಿ
ಈಗಲೂ ಇಲ್ಲದ ಹಾಗೆಯೇ. ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಎರಡು ತುಂಡು. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದೇ ಗಾಡಿಯಲ್ಲಿ ಎರಡು ಚೀಲ ಮಾಡಿ ಹೇರಿದ ಭತ್ತದ ಹಾಗೆ, ಗಾಡಿ ಮಗುಚಿದರೆ ಎರಡೂ ನೆಲಕ್ಕೆ. ಅದೂ ಸಾಲದು ಅಂತ ಕೆಲವು ಕಂಪನಿಗಳ ಫ್ಯಾಕ್ಟರಿ ರಿಕವರಿ ಇಡೀ ಡಿಸ್ಕ್ ಒರೆಸುತ್ತದೆ. ಹೊರಗಿನ ಹಾರ್ಡ್‌ಡಿಸ್ಕ್ ತಂದು ಮೊದಲು ಫೋಟೋ, ನೋಟ್ಸ್ ಕಾಪಿ ಮಾಡಿ. ಅವು ತೆರೆಯುತ್ತವಾ ನೋಡಿ. ಬ್ಯಾಕಪ್ ಜಾಗ ಅದಕ್ಕೆ ಬದಲಿಸಿ, ಆಮೇಲೆ ಹಳೇ ಫೋಲ್ಡರ್ ತೆಗೆಯಿರಿ.

ಗಂಗಾವತಿ ಗೂಡಂಗಡಿ
ವಿಂಡೋಸ್ ಸೆಟ್ಟಿಂಗ್‌ಗಳು ಇರುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿದರೆ ಆ ಎಚ್ಚರಿಕೆಯೇ ಬರಲ್ಲ ಅಂತ ಕೇಳಿದ್ದೆ. ಸುಲಭ ಅಲ್ವಾ?

ಕೊಪ್ಪಳ ಮೇಷ್ಟ್ರು
ಅದು ಎಲ್ಲಾ ಡ್ರೈವ್‌ಗೂ ಬಾಯಿ ಮುಚ್ಚಿಸುತ್ತದೆ. ನಾಳೆ ಸಿ ತುಂಬಿದರೂ ಗೊತ್ತಾಗುವುದಿಲ್ಲ. ಅದಕ್ಕಿಂತ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾರ್ಟಿಷನ್‌ನ ಡ್ರೈವ್ ಅಕ್ಷರ ಮಾತ್ರ ತೆಗೆಯಿರಿ. ಒಳಗಿನದು ಹಾಗೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಮಕ್ಕಳು ಅಲ್ಲಿ ಸಿನಿಮಾ ತುಂಬುವುದೂ ತಪ್ಪುತ್ತದೆ.

ಸಿಂಧನೂರು ಸಿಸ್ಟಮ್
ನಾನಂತೂ ಅಳಿಸುವ ಪಕ್ಷವೇ. ವಿಂಡೋಸ್‌ನ ‘ಕ್ರಿಯೇಟ್ ಎ ರಿಕವರಿ ಡ್ರೈವ್’ ಟೂಲೇ ಪೆನ್‌ಡ್ರೈವ್ ತಯಾರಾದ ಮೇಲೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ‘ರಿಕವರಿ ಪಾರ್ಟಿಷನ್ ಅಳಿಸಲಾ’ ಅಂತ ಕೇಳುತ್ತದೆ. ಮಾಡಿದವರೇ ಕೇಳುವಾಗ ನಿಮಗೇನು ಭಯ?

ಕೊಪ್ಪಳ ಮೇಷ್ಟ್ರು
‘ಪೆನ್‌ಡ್ರೈವ್ ತಯಾರಾದ ಮೇಲೆ’ ಅಂತ ನೀವೇ ಬರೆದಿದ್ದೀರಿ. ಅಂಗಡಿಯವರ ಐದು ನಿಮಿಷದಲ್ಲಿ ಆ ಪೆನ್‌ಡ್ರೈವ್ ಎಲ್ಲಿದೆ? 32 ಜಿಬಿಯದು ತಂದು, ಒಮ್ಮೆ ಅದರಿಂದ ಬೂಟ್ ಮಾಡಿ ನೋಡಿ, ಆಮೇಲೆ ಬೇಕಾದರೆ ಅಳಿಸಲಿ. ನನ್ನದೇನೂ ತಕರಾರಿಲ್ಲ.

ಸಿಂಧನೂರು ಸಿಸ್ಟಮ್
ಹಾಗಾದರೆ ಸರಿ. ಆದರೂ ಕೊನೆಗೆ ಅಳಿಸಲೇಬೇಕು ಅಂತೀನಿ.

ರಾಯಚೂರು ರಾತ್ರಿಪಾಳಿ
ಸದ್ಯ ಅಳಿಸುತ್ತಿಲ್ಲ. ಸಂಬಳ ಆದ ಮೇಲೆ 1 ಟಿಬಿ ಹಾರ್ಡ್‌ಡಿಸ್ಕ್ ತರುತ್ತೇನೆ. ಅಲ್ಲಿವರೆಗೆ ಭಾನುವಾರದ ಬ್ಯಾಕಪ್ ನಿಲ್ಲಿಸುವುದು ಎಲ್ಲಿ?

ಕೌಲ್ ಬಜಾರ್ ಡಿಟಿಪಿ
ಅದೇ ‘ಬ್ಯಾಕಪ್ ಅಂಡ್ ರಿಸ್ಟೋರ್’ ಪುಟದ ಎಡಗಡೆ ‘ಟರ್ನ್ ಆಫ್ ಶೆಡ್ಯೂಲ್’ ಇದೆ ನೋಡಿ.