ಸ್ವತಂತ್ರವಾಗಿ ಮಾಡಿದ ಟ್ಯಾರೋ ಡೆಕ್: ಕೊಳ್ಳುವ ಮುಂಚೆ ಏನು ನೋಡಬೇಕು, ಕೈಗೆ ಬಂದ ಮೇಲೆ ಏನು ನೋಡಬೇಕು?

ಎಲೆಪೆಟ್ಟಿಗೆ ಕೇಳಿದ್ದು:

ಭವಿಷ್ಯ ಓದಲು ಬಳಸುವ 78 ಚಿತ್ರದ ಕಾರ್ಡುಗಳ ಕಟ್ಟು, ಅಂದರೆ ಟ್ಯಾರೋ ಡೆಕ್, ಸಂಗ್ರಹಿಸುತ್ತೇನೆ. ದೊಡ್ಡ ಪ್ರಕಾಶಕರ ಡೆಕ್‌ಗಳು ಸಾಕಷ್ಟಿವೆ. ಇನ್ನು ಮುಂದೆ ಕಲಾವಿದರೇ ಚಿತ್ರ ಬರೆದು, ತಾವೇ ಅಚ್ಚು ಹಾಕಿಸಿ ಮಾರುವ ಡೆಕ್‌ಗಳನ್ನು ಸಂಗ್ರಹಿಸಬೇಕು ಅಂತಿದ್ದೇನೆ. ಬೆಲೆ ಜಾಸ್ತಿ, ಮುಟ್ಟಿ ನೋಡುವ ಅವಕಾಶವಿಲ್ಲ, ಸಿಗುವುದು ನಾಲ್ಕಾರು ಚಂದದ ಫೋಟೊ ಮಾತ್ರ. ಅಷ್ಟರಲ್ಲೇ ಡೆಕ್ಕಿನ ಯೋಗ್ಯತೆ ಅಳೆಯುವುದು ಹೇಗೆ? ‘350 ಜಿಎಸ್‌ಎಂ’, ‘ಲಿನನ್ ಫಿನಿಶ್’, ‘ಗಿಲ್ಡೆಡ್ ಎಡ್ಜ್’ ಅಂತೆಲ್ಲ ಬರೆದಿರುತ್ತಾರೆ. ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದು ಬರೀ ಅಲಂಕಾರ? ಮೊದಲ ಆವೃತ್ತಿಗೇ ಮುಗಿಬೀಳಬೇಕೇ? ಹೊಸ ಯೋಜನೆಗೆ ಜನರಿಂದ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಮುಂಗಡ ಕೊಡುವುದಾದರೆ ಏನು ಎಚ್ಚರ? ಟ್ಯಾರೋ ನಿಜವೋ ಸುಳ್ಳೋ ಎಂಬ ಜಗಳ ಇಲ್ಲಿ ಬೇಡ, ದಯವಿಟ್ಟು.

ಹದಿನಾರು_ಮುಖ:

ಮೊದಲು ಚಿತ್ರದ ಮಾತು. ಮಾರುವವರು ತೋರಿಸುವುದು ಹೆಚ್ಚಾಗಿ ಮೇಜರ್ ಅರ್ಕಾನಾ ಎಂಬ ಮುಖ್ಯ ಕಾರ್ಡುಗಳನ್ನೇ: ಮೂನ್, ಡೆತ್, ಹೈ ಪ್ರೀಸ್ಟೆಸ್. ಅವು ಇರುವುದು 22. ಉಳಿದ 56, ಅಂದರೆ ವಾಂಡ್ಸ್ (ಕೋಲು), ಕಪ್ಸ್ (ಬಟ್ಟಲು), ಸ್ವೋರ್ಡ್ಸ್ (ಕತ್ತಿ), ಪೆಂಟಕಲ್ಸ್ (ನಾಣ್ಯ) ಎಂಬ ನಾಲ್ಕು ಗುಂಪಿನ ಮೈನರ್ ಕಾರ್ಡುಗಳಿಗೆ ಬರುವ ಹೊತ್ತಿಗೆ ಎಷ್ಟೋ ಕಲಾವಿದರಿಗೆ ದಣಿವು, ಅವಸರ ಎರಡೂ ಶುರುವಾಗಿರುತ್ತದೆ. ಹಾಗಾಗಿ ಮೈನರ್ ಕಾರ್ಡುಗಳ ಫೋಟೊ ಕೇಳಿ ತರಿಸಿಕೊಳ್ಳಿ: ಫೈವ್ ಆಫ್ ಪೆಂಟಕಲ್ಸ್, ಸೆವೆನ್ ಆಫ್ ಸ್ವೋರ್ಡ್ಸ್, ಏಟ್ ಆಫ್ ವಾಂಡ್ಸ್, ನಾಲ್ಕೂ ನೈಟ್‌ಗಳು. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ ಅಂದುಕೊಳ್ಳಿ.

ಸೆವೆನ್ ಆಫ್ ಸ್ವೋರ್ಡ್ಸ್ ಯಾಕೆ ಅಂದರೆ, 1909ರಲ್ಲಿ ಲಂಡನ್ನಿನ ರೈಡರ್ ಸಂಸ್ಥೆ ಪ್ರಕಟಿಸಿದ, ಎ. ಇ. ವೇಟ್ ಯೋಜಿಸಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ವೇಟ್–ಸ್ಮಿತ್ ಡೆಕ್ಕಿನಲ್ಲಿ ಒಬ್ಬ ಐದು ಕತ್ತಿ ಬಾಚಿಕೊಂಡು ಡೇರೆಗಳಿಂದ ಮೆಲ್ಲಗೆ ಜಾರಿಕೊಳ್ಳುತ್ತಾನೆ, ಎರಡು ಕತ್ತಿ ಹಿಂದೆ ನೆಟ್ಟೇ ಇರುತ್ತವೆ. ಐದು ಮತ್ತು ಎರಡು, ಒಟ್ಟು ಏಳು. ಹೊಸ ಡೆಕ್ಕಿನಲ್ಲಿ ಅದನ್ನು ಬೆರಳಿಟ್ಟು ಎಣಿಸಿ. ಆರಿದ್ದರೆ, ಎಂಟಿದ್ದರೆ, ಹಿಡಿ ಎಲ್ಲಿ ಮುಗಿದು ಅಲಗು ಎಲ್ಲಿ ಶುರುವಾಯಿತು ಅಂತ ತಿಳಿಯದಿದ್ದರೆ, ಚಿತ್ರವನ್ನು ಎಐ ಬರೆದಿರುವ ಸಾಧ್ಯತೆ ಹೆಚ್ಚು. ಚಿತ್ರದ ಮನುಷ್ಯರ ಕೈಬೆರಳು ಎಣಿಸುವ ಪರೀಕ್ಷೆ ಈಗ ಅಷ್ಟು ನಡೆಯುವುದಿಲ್ಲ, ಕತ್ತಿ, ಬಟ್ಟಲು, ನಾಣ್ಯ ಎಣಿಸುವುದು ಇನ್ನೂ ನಡೆಯುತ್ತದೆ. ಎಐ ಬಳಸಿದ್ದರೆ ಪುಟದಲ್ಲೇ ಹೇಳಬೇಕು ಎಂಬ ನಿಯಮವನ್ನು ಕಿಕ್‌ಸ್ಟಾರ್ಟರ್ 2023ರ ಆಗಸ್ಟ್‌ನಲ್ಲಿ ತಂದಿದೆ, ಆ ಭಾಗವನ್ನು ಓದದೆ ಮುಂದೆ ಹೋಗಬೇಡಿ.

ಎರಡನೆಯದು, ಡೆಕ್ ಯಾವ ಪರಂಪರೆಯದು ಅನ್ನುವುದು. ಸ್ಟ್ರೆಂತ್ 8, ಜಸ್ಟಿಸ್ 11 ಇದ್ದರೆ ವೇಟ್–ಸ್ಮಿತ್ ದಾರಿ. ಜಸ್ಟಿಸ್ 8, ಸ್ಟ್ರೆಂತ್ 11 ಇದ್ದರೆ ಮಾರ್ಸೇ (ಹಳೆಯ ಫ್ರೆಂಚ್ ಡೆಕ್) ದಾರಿ. ‘ಲಸ್ಟ್’, ‘ಅಡ್ಜಸ್ಟ್‌ಮೆಂಟ್’ ಎಂಬ ಹೆಸರು, ಕೋರ್ಟ್ ಕಾರ್ಡುಗಳಲ್ಲಿ (ರಾಜ, ರಾಣಿ ಮುಂತಾದ ಆಸ್ಥಾನದವರ ಕಾರ್ಡು) ಪ್ರಿನ್ಸ್, ಪ್ರಿನ್ಸೆಸ್ ಕಂಡರೆ ಥಾತ್ (ಅಲಿಸ್ಟರ್ ಕ್ರೌಲಿಯ ಡೆಕ್) ದಾರಿ. ಬೆರೆಸಿದರೆ ತಪ್ಪೇನಿಲ್ಲ, ಯಾಕೆ ಬೆರೆಸಿದೆ ಅಂತ ಕೈಪಿಡಿಯಲ್ಲಿ ಇರಬೇಕು. ಇಲ್ಲದಿದ್ದರೆ ಅಲ್ಲಿಂದೊಂದು ಇಲ್ಲಿಂದೊಂದು ಎತ್ತಿ ಜೋಡಿಸಿದ್ದಾರೆ ಎಂದರ್ಥ.

ವೇಟ್–ಸ್ಮಿತ್ ಚಿತ್ರಗಳಲ್ಲಿ ಮನುಷ್ಯರನ್ನು ತೆಗೆದು ಬೆಕ್ಕೋ ನರಿಯೋ ಕೂರಿಸಿದ ಡೆಕ್‌ಗಳು ರಾಶಿ ಬಿದ್ದಿವೆ. ಕಾನೂನಿನ ತೊಡಕಿಲ್ಲ: ಸ್ಮಿತ್ ತೀರಿಕೊಂಡದ್ದು 1951ರಲ್ಲಿ, ನಂತರ 70 ವರ್ಷ ಹಕ್ಕುಸ್ವಾಮ್ಯ ಇರುವ ದೇಶಗಳಲ್ಲೂ 2022ರಿಂದ ಮೂಲ ಚಿತ್ರಗಳು ಮುಕ್ತ. ಸಂಗ್ರಹಕ್ಕೆ ಅಂಥವು ಒಂದೆರಡು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಕೋರ್ಟ್ ಕಾರ್ಡುಗಳು. ಹದಿನಾರನ್ನೂ ಸಾಲಾಗಿಟ್ಟು ಹೆಸರಿನ ಪಟ್ಟಿಯನ್ನು ಕಾಗದದಿಂದ ಮುಚ್ಚಿ. ಯಾವುದು ಪೇಜ್, ಯಾವುದು ಕಿಂಗ್, ಯಾವುದು ಕಪ್ಸ್, ಯಾವುದು ವಾಂಡ್ಸ್ ಅಂತ ಚಿತ್ರದಿಂದಲೇ ಹೇಳಲಾಗದಿದ್ದರೆ ಆ ಡೆಕ್ ನೋಡಲಿಕ್ಕಷ್ಟೇ, ಓದಲಿಕ್ಕಲ್ಲ. ತಲೆಕೆಳಗಾದ ಕಾರ್ಡನ್ನೂ ಓದುವವರಾದರೆ ಹಿಂಬದಿಯ ವಿನ್ಯಾಸವನ್ನು ಅರ್ಧ ಸುತ್ತು ತಿರುಗಿಸಿ ನೋಡಿ, ಎರಡೂ ಕಡೆಯಿಂದ ಒಂದೇ ಥರ ಕಾಣಬೇಕು. ಹಿಂಬದಿಯಲ್ಲಿ ಕಲಾವಿದರ ಸಹಿಯೋ ನೇರ ನಿಂತ ಮರವೋ ಇದ್ದರೆ ಕಾರ್ಡು ತಿರುಗಿದ್ದು ಮೊದಲೇ ಗೊತ್ತಾಗಿಬಿಡುತ್ತದೆ.

ಕತ್ತರಿ_ಅಂಚು:

ಕಾಗದದ ಬಗ್ಗೆ ನಾನು ಬರೆಯುತ್ತೇನೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ, ಗುಣಮಟ್ಟ ಅಲ್ಲ. 300ರಿಂದ 350 ಮಾಮೂಲು. ಕೇಳಬೇಕಾದ್ದು, ಇಸ್ಪೀಟು ಎಲೆಗೆ ಬಳಸುವ ಕಾಗದವೋ ಸಾಧಾರಣ ಆರ್ಟ್ ಕಾರ್ಡೋ ಎಂದು. ಇಸ್ಪೀಟು ಕಾಗದದಲ್ಲಿ ಎರಡು ಪದರದ ನಡುವೆ ನೀಲಿ ಅಥವಾ ಕಪ್ಪು ತಿರುಳು ಇರುತ್ತದೆ. ಬೆಳಕಿಗೆ ಹಿಡಿದರೆ ಹಿಂದಿನದು ಕಾಣುವುದಿಲ್ಲ, ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಆರ್ಟ್ ಕಾರ್ಡಿಗೆ ಲ್ಯಾಮಿನೇಷನ್ ಹಾಕಿದ್ದು ಮುಟ್ಟಲು ಗಟ್ಟಿ, ಆದರೆ ಒಮ್ಮೆ ಮಡಿಕೆ ಬಿದ್ದರೆ ಬಿಳಿ ಗೆರೆ ಉಳಿದೇ ಹೋಗುತ್ತದೆ.

ಇಡೀ ಕಟ್ಟಿನ ದಪ್ಪ ಎಷ್ಟು ಮಿಲಿಮೀಟರ್ ಅಂತ ಕೇಳಿ. ಕಾರ್ಡೊಂದು 0.3 ಮಿ.ಮೀ. ಇದ್ದರೆ 78ಕ್ಕೆ 23.4 ಮಿ.ಮೀ., 0.4 ಆದರೆ 31.2. ಅಗಲ 70, ಉದ್ದ 120 ಮಿ.ಮೀ.ನ ಮಾಮೂಲಿ ಟ್ಯಾರೋ ಗಾತ್ರದಲ್ಲಿ 31 ಮಿ.ಮೀ. ಕಟ್ಟನ್ನು ಸಣ್ಣ ಕೈಯವರು ಒಂದೇ ಸಲಕ್ಕೆ ಕಲೆಸುವುದು ಕಷ್ಟ, ಎರಡು ಪಾಲು ಮಾಡಿಕೊಳ್ಳಬೇಕಾಗುತ್ತದೆ. ಮಾರುವವರು ‘ದಪ್ಪನೆಯ ಐಷಾರಾಮಿ ಕಾರ್ಡು’ ಅಂತ ಹೊಗಳುವುದು ಇದನ್ನೇ!

ಮೇಲ್ಮೈ: ಲಿನನ್ ಅಂದರೆ ಬಟ್ಟೆಯ ನೇಯ್ಗೆಯಂಥ ಸಣ್ಣ ಉಬ್ಬುತಗ್ಗು. ನಡುವೆ ಗಾಳಿ ನಿಲ್ಲುವುದರಿಂದ ಕಾರ್ಡುಗಳು ಸಲೀಸಾಗಿ ಜಾರುತ್ತವೆ, ಸೂಕ್ಷ್ಮ ಗೆರೆಗಳ ಚಿತ್ರವಾದರೆ ವಿವರ ಸ್ವಲ್ಪ ಮಂಕಾಗುತ್ತದೆ. ಗ್ಲಾಸಿ, ಅಂದರೆ ಹೊಳಪಿನ ಮೇಲ್ಮೈಯಲ್ಲಿ ಬಣ್ಣ ಎದ್ದು ಕಾಣುತ್ತದೆ, ದೀಪದ ಕೆಳಗೆ ಪ್ರತಿಫಲನವೂ ಅಷ್ಟೇ. ಸಾಫ್ಟ್ ಟಚ್ ಮ್ಯಾಟ್ ಕಪ್ಪು ಹಿನ್ನೆಲೆಗೆ ಬೇಡವೇ ಬೇಡ, ಬೆರಳಿನ ಜಿಡ್ಡೆಲ್ಲ ಕಾಣುತ್ತದೆ.

ಗಿಲ್ಡೆಡ್ ಎಡ್ಜ್, ಅಂದರೆ ಅಂಚಿನ ಚಿನ್ನದ ಲೇಪಕ್ಕೆ, ಹೆಚ್ಚು ದುಡ್ಡು ಕೊಡುವುದು ವ್ಯರ್ಥ. ಕಟ್ಟು ಬಿಗಿಹಿಡಿದು ಅಂಚಿಗೆ ಒಟ್ಟಾಗಿ ಹಾಕುವುದರಿಂದ ಹೊಸ ಡೆಕ್ಕಿನಲ್ಲಿ ಕಾರ್ಡುಗಳು ಒಂದಕ್ಕೊಂದು ಅಂಟಿರುತ್ತವೆ. ಕಲೆಸಲು ಹೋದರೆ ಲೇಪ ಚಕ್ಕೆಯೇಳುತ್ತದೆ. ಮೊದಲು ಒಂದೊಂದನ್ನೇ ಮೂಲೆಯಿಂದ ಮೆಲ್ಲಗೆ ಬಿಡಿಸಿ, ಒಣ ಮೆದು ಬಟ್ಟೆಯಿಂದ ಅಂಚು ಒರೆಸಿ, ಆಮೇಲೆ ಕಲೆಸಿ. ಕಪ್ಪು ಬಣ್ಣದ ಅಂಚಾದರೆ ಬಿಳಿ ಬಾರ್ಡರ್‌ಗೆ ಮಸಿ ಹತ್ತುತ್ತದೆ.

ಫೋಟೊ ನೋಡುವಾಗ ಅದು ಅಚ್ಚಾದ ಕಾರ್ಡೋ ಕಂಪ್ಯೂಟರಿನಲ್ಲಿ ಜೋಡಿಸಿದ ಮಾಕಪ್ಪೋ ಗುರುತಿಸಿ. ಎಲ್ಲ ಮೂಲೆಯೂ ಒಂದೇ ಅಚ್ಚು, ನೆರಳು ಒಂದೇ ಕೋನ, ದಪ್ಪವೇ ಇಲ್ಲದ ಅಂಚು ಇದ್ದರೆ ಮಾಕಪ್. ಪರದೆಯ ಮೇಲಿನ ಮಿಂಚುವ ನೀಲಿ, ನೇರಳೆ, ಹಸಿರು ನಾಲ್ಕು ಬಣ್ಣದ ಮುದ್ರಣಕ್ಕೆ ಬಂದಾಗ ಮಂಕಾಗುತ್ತವೆ, ಅದು ಮೋಸವಲ್ಲ, ಶಾಯಿಯ ಮಿತಿ. ಹಗಲು ಬೆಳಕಿನಲ್ಲಿ ಕೈಯಲ್ಲಿ ಹಿಡಿದ ಒಂದು ಕಾರ್ಡಿನ ಫೋಟೊ ಕೇಳಿದರೆ ಅರ್ಧ ಅನುಮಾನ ಅಲ್ಲೇ ಪರಿಹಾರ. ಬಾರ್ಡರ್ ಬಗ್ಗೆಯೂ ಒಂದು ಮಾತು: ಕತ್ತರಿಸುವಾಗ 1 ಮಿ.ಮೀ. ಅತ್ತಿತ್ತ ಆಗುವುದು ಸಹಜ. 3 ಮಿ.ಮೀ. ಬಾರ್ಡರ್ ಇದ್ದರೆ ಒಂದು ಕಡೆ 2, ಇನ್ನೊಂದು ಕಡೆ 4 ಆಗಿ ಕಣ್ಣಿಗೆ ಹೊಡೆಯುತ್ತದೆ. ಬಾರ್ಡರ್ ಇಲ್ಲದ ಡೆಕ್ಕಿನಲ್ಲಿ ಅದೇ ತಪ್ಪು ಯಾರಿಗೂ ಕಾಣುವುದಿಲ್ಲ.

ಬಂದ ದಿನವೇ ಪೊಟ್ಟಣ ಒಡೆಯುವಾಗ ವಿಡಿಯೊ ಮಾಡಿ, ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿ. ಬರೀ ಎಣಿಸಿದರೆ ಸಾಲದು, ಒಂದು ಕಾರ್ಡು ಎರಡು ಬಂದು ಇನ್ನೊಂದು ತಪ್ಪಿದ್ದರೂ ಲೆಕ್ಕ 78 ಸರಿಯಾಗೇ ಇರುತ್ತದೆ. ತಪ್ಪಿದ್ದು ತಕ್ಷಣ ತಿಳಿಸಿ. ಕಲಾವಿದರ ಬಳಿ ಬದಲಿ ಕೊಡಲು ಕೆಲವೇ ಹೆಚ್ಚುವರಿ ಪ್ರತಿಗಳಿರುತ್ತವೆ, ಅವು ಮುಗಿದ ಮೇಲೆ ಬೇಕೆಂದರೂ ಕೊಡಲಾಗುವುದಿಲ್ಲ.

ಹಳೆ_ಆವೃತ್ತಿ:

ಚಿನ್ನದ ಅಂಚಿನ ಬಗ್ಗೆ ಒಪ್ಪುವುದಿಲ್ಲ. ಬಿಳಿ ಅಂಚು ಕೈಯ ಕೊಳೆಯಿಂದ ಬೂದಿ ಬಣ್ಣಕ್ಕೆ ತಿರುಗುತ್ತದೆ, ಚೆನ್ನಾಗಿ ಹಾಕಿದ ಲೇಪ ಅದನ್ನು ತಡೆಯುತ್ತದೆ. ಕೆಟ್ಟದಾಗಿ ಹಾಕಿದ್ದರೆ ಮೇಲಿನವರು ಹೇಳಿದ್ದೇ ನಿಜ.

ಮೊದಲ ಆವೃತ್ತಿ ಅಂದಮಾತ್ರಕ್ಕೆ ಒಳ್ಳೆಯ ಡೆಕ್ ಅಲ್ಲ. ಎಷ್ಟೋ ಸಲ ಎರಡನೆಯದರಲ್ಲಿ ಕಾಗುಣಿತ, ಕಾಗದ, ಕಲೆಸಲಾಗದ ಗಾತ್ರ ಎಲ್ಲ ಸರಿಯಾಗಿರುತ್ತದೆ. ಉಪಯೋಗಕ್ಕಾದರೆ ಎರಡನೆಯದು ಕೊಳ್ಳಿ. ಮೊದಲನೆಯದಕ್ಕೆ ಬೆಲೆ ಬರುವುದು ಅದು ಮತ್ತೆ ಅಚ್ಚಾಗದಿದ್ದರೆ, ಅಥವಾ ಮುಂದೆ ದೊಡ್ಡ ಪ್ರಕಾಶಕರು ಎತ್ತಿಕೊಂಡು ರೂಪ ಬದಲಾದರೆ. ಕಿಮ್ ಕ್ರಾನ್ಸ್ ಅವರ ವೈಲ್ಡ್ ಅನ್‌ನೋನ್ ಇದಕ್ಕೆ ಉದಾಹರಣೆ: 2012ರಲ್ಲಿ ಸ್ವಂತವಾಗಿ ಹೊರಬಂತು, 2016ರಲ್ಲಿ ಹಾರ್ಪರ್‌ಕಾಲಿನ್ಸ್ ಬಳಗದಿಂದ. ಹಳೆಯದನ್ನು ಹುಡುಕುವವರು ಬೇರೆಯೇ ಇದ್ದಾರೆ. ಇನ್ನು ಬೇಡಿಕೆ ಬಂದಂತೆ ಒಂದೊಂದೇ ಅಚ್ಚು ಹಾಕುವ ಡೆಕ್‌ಗಳಿಗೆ ‘ಆವೃತ್ತಿ’ ಎಂಬ ಮಾತೇ ಸಡಿಲ, ಕಲಾವಿದರು ಇಂದು ಫೈಲ್ ಬದಲಿಸಿದರೆ ನಾಳೆ ಬರುವ ಪ್ರತಿಯೇ ಬೇರೆ.

‘37/500’ ಅಂತ ಸಂಖ್ಯೆ ಹಾಕಿದ್ದರೆ, ಐನೂರು ಎಂಬುದು ಇಡೀ ಡೆಕ್ಕಿಗೋ ಬರೀ ಆ ಪೆಟ್ಟಿಗೆಗೋ ಕೇಳಿ. ಅದೇ ಕಾರ್ಡುಗಳು ಬೇರೆ ಪೆಟ್ಟಿಗೆಯಲ್ಲಿ ಎಷ್ಟು ಬೇಕಾದರೂ ಬರಬಹುದು. ಕೈಬದಲಾಗುವ ಡೆಕ್ಕಿನ ಬೆಲೆ ತಿಳಿಯಲು ಇಬೇಯಂಥ ಕಡೆ ಮಾರಾಟವಾಗಿ ಮುಗಿದ ಪಟ್ಟಿ ನೋಡಿ, ಕೇಳುವ ಬೆಲೆ ಯಾರು ಎಷ್ಟು ಬೇಕಾದರೂ ಬರೆಯಬಹುದು. ಪೆಟ್ಟಿಗೆ, ಕೈಪಿಡಿ, ಹೆಚ್ಚುವರಿ ಕಾರ್ಡು ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಅದು ಅಪೂರ್ಣ ಡೆಕ್ಕೇ.

ನಕಲಿಗಳು ಬಹಳ. ನಂಬಲಾಗದಷ್ಟು ಕಡಿಮೆ ಬೆಲೆ, ಚಿಕ್ಕ ಗಾತ್ರ, ತೆಳು ರಟ್ಟಿನ ಡಬ್ಬಿ, ಕೈಪಿಡಿಯ ಬದಲು ಕ್ಯೂಆರ್ ಕೋಡ್, ಕಲಾವಿದರ ಹೆಸರು ಮಾಯ. ಖಚಿತ ಮಾಡಿಕೊಳ್ಳಲು ಭೂತಗನ್ನಡಿ ಹಿಡಿದು ಕಾರ್ಡಿನ ಹೆಸರಿನ ಕಪ್ಪು ಅಕ್ಷರ ನೋಡಿ. ಅಸಲಿಯಲ್ಲಿ ಸಾಮಾನ್ಯವಾಗಿ ಅಕ್ಷರ ಒಂದೇ ಕಪ್ಪು ಶಾಯಿ, ಅಂಚು ಕತ್ತರಿಸಿದ ಹಾಗಿರುತ್ತದೆ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರೆ ಅಕ್ಷರವೇ ನೀಲಿ, ಕೆಂಪು, ಹಳದಿ ಚುಕ್ಕೆಗಳಾಗಿ ಒಡೆದಿರುತ್ತದೆ. ಹೆಸರನ್ನು ಚಿತ್ರದೊಳಗೇ ಕೈಯಲ್ಲಿ ಬರೆದಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಆಗ ಅಸಲಿಯಲ್ಲೂ ಚುಕ್ಕೆಗಳಿರುತ್ತವೆ.

ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ. ಯೋಜನೆ ಕೇಳಿದ ಮೊತ್ತದ ಗುರಿ ತಲುಪಿದರೆ ಮಾತ್ರ ದುಡ್ಡು ಕಡಿತವಾಗುತ್ತದೆ, ಆದರೆ ಆಮೇಲೆ ಡೆಕ್ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲ. 78 ಚಿತ್ರವೂ ಮುಗಿದಿದೆಯೇ, ಮುದ್ರಣಾಲಯದ ಮಾದರಿ ಪ್ರತಿ ಕೈಗೆ ಬಂದಿದೆಯೇ, ಹಿಂದಿನ ಯೋಜನೆ ತಲುಪಿಸಿದ್ದಾರೆಯೇ, ಸಾಗಣೆ ವೆಚ್ಚ ಈಗಲೋ ಆಮೇಲೋ, ಆಮದು ಸುಂಕ ಯಾರ ತಲೆಗೆ, ಇಷ್ಟನ್ನು ನೋಡಿ. ಚಿತ್ರ 30 ಮಾತ್ರ ಮುಗಿದಿದ್ದರೆ ಕಾಯುವುದು ವರ್ಷಗಟ್ಟಲೆ ಆಗಬಹುದು. ಗುರಿ ಮೀರಿದಾಗೆಲ್ಲ ಚೀಲ, ನಾಣ್ಯ, ಹೊಸ ಕಾರ್ಡು ಅಂತ ಸೇರಿಸುತ್ತಾ ಹೋಗುವವರ ಮೇಲೆ ಕಣ್ಣಿಡಿ, ಖರ್ಚೂ ತಡವೂ ಅಲ್ಲಿಂದಲೇ ಹುಟ್ಟುವುದು. ಅಚ್ಚು ಚೀನಾದಲ್ಲಾದರೆ ಜನವರಿ–ಫೆಬ್ರವರಿಯ ಅವರ ಹೊಸ ವರ್ಷಕ್ಕೆ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿರುತ್ತವೆ. ಡಿಸೆಂಬರಿನಲ್ಲಿ ಫೈಲ್ ಕಳಿಸಿ ಮಾರ್ಚಿಗೆ ತಲುಪಿಸುತ್ತೇವೆ ಅನ್ನುವವರ ಮಾತಿಗೆ ಎರಡು ತಿಂಗಳು ಸೇರಿಸಿಕೊಳ್ಳಿ.

ಎಲೆಪೆಟ್ಟಿಗೆ:

ಮೂವರಿಗೂ ಧನ್ಯವಾದ. ಒಂದು ಉಳಿಯಿತು: ಬಾಗಿದ ಕಾರ್ಡು ನೆಟ್ಟಗಾಗುತ್ತದೆಯೇ? ಇಡುವುದು ಹೇಗೆ?

ಕತ್ತರಿ_ಅಂಚು:

ಎರಡು ಬದಿಯ ಲೇಪ ಬೇರೆಯಾಗಿದ್ದರೆ, ಒಂದು ಬದಿ ಮಾತ್ರ ತೇವ ಹೀರಿದರೆ ಬಾಗುತ್ತದೆ. ಕಟ್ಟನ್ನು ಎರಡು ಹಲಗೆ ನಡುವೆ ಇಟ್ಟು ಮೇಲೆ ಭಾರ ಹೇರಿ ಮೂರ್ನಾಲ್ಕು ದಿನ ಬಿಡಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಇಸ್ತ್ರಿ, ಹೇರ್ ಡ್ರೈಯರ್ ಹತ್ತಿರಕ್ಕೂ ತರಬೇಡಿ, ಲ್ಯಾಮಿನೇಷನ್ ಗುಳ್ಳೆಯೇಳುತ್ತದೆ. ತೇವಾಂಶ 40ರಿಂದ 50 ಶೇಕಡ ಇದ್ದರೆ ಒಳ್ಳೆಯದು. ರಬ್ಬರ್ ಬ್ಯಾಂಡ್ ಅಂಚನ್ನು ಕಚ್ಚುತ್ತದೆ, ಕಾಗದದ ಪಟ್ಟಿ ಸುತ್ತಿ. ಕವರ್ ಹಾಕುವುದಾದರೆ ಪಾಲಿಪ್ರೊಪಿಲೀನ್ ಮಾತ್ರ. ಪಿವಿಸಿ ಕಾಲಕ್ರಮೇಣ ಅಂಟಂಟಾಗಿ ಶಾಯಿಯನ್ನೇ ಎಳೆದುಕೊಳ್ಳುತ್ತದೆ.

ಹಳೆ_ಆವೃತ್ತಿ:

ಜೊತೆಗೊಂದು ಪಟ್ಟಿ ಇಟ್ಟುಕೊಳ್ಳಿ: ಹೆಸರು, ಕಲಾವಿದರು, ಆವೃತ್ತಿ, ವರ್ಷ, ಗಾತ್ರ, ಕಾರ್ಡುಗಳ ಸಂಖ್ಯೆ, ಹೆಚ್ಚುವರಿ ಕಾರ್ಡು ಯಾವುದು, ಕೊಟ್ಟ ಬೆಲೆ, ಸಾಗಣೆ ಬೇರೆ, ಸುಂಕ ಬೇರೆ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ಕೂಡ ತೆಗೆದಿಡಿ. ಡೆಕ್ ಮುಗಿದ ಮೇಲೆ ಕಲಾವಿದರು ಆ ಪುಟ ಅಳಿಸಿಬಿಡುವುದುಂಟು, ನಿಮ್ಮದು ಯಾವ ಆವೃತ್ತಿ ಎಂದು ತೋರಿಸಲು ಆಮೇಲೆ ಬೇರೆ ದಾಖಲೆ ಸಿಗುವುದು ಕಷ್ಟ.