ಸಹಾಯ ಬೇಕು: ಲೂಕನ ಮುಂದೆ ಮತ್ತಾಯನ ಸುವಾರ್ತೆ ಇತ್ತಾ?

ಎಲ್ಲರಿಗೂ ನಮಸ್ಕಾರ. ಬೈಬಲ್‌ನಲ್ಲಿ ಯೇಸುವಿನ ಜೀವನ ಹೇಳುವ ಸುವಾರ್ತೆಗಳ ಮೂಲದ ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಬಲ್ಲವರು ದಯವಿಟ್ಟು ದಾರಿ ತೋರಿಸಿ.

ಮಾರ್ಕನದ್ದೇ ಮೊದಲು, ಅದನ್ನು ಮತ್ತಾಯ, ಲೂಕ ಇಬ್ಬರೂ ಬಳಸಿದ್ದಾರೆ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅದರಲ್ಲಿ ನನಗೂ ತಕರಾರಿಲ್ಲ. ಮಾರ್ಕನಲ್ಲಿಲ್ಲದೆ ಇವರಿಬ್ಬರಲ್ಲಿ ಮಾತ್ರ ಇರುವ ಮಾತುಗಳು ಎಲ್ಲಿಂದ ಬಂದವು ಅನ್ನೋದೇ ಜಗಳ. 'ಕ್ಯೂ' ಎಂಬ ಕಳೆದುಹೋದ ಮೂಲದಿಂದ ಎಂದು 1924ರಲ್ಲಿ ಬೈಬಲ್ ವಿದ್ವಾಂಸ ಸ್ಟ್ರೀಟರ್ ವಾದಿಸಿದರು. ಅದು ಬೇಕೇ ಇಲ್ಲ, ಲೂಕ ಮತ್ತಾಯನನ್ನೇ ಓದಿದ್ದ ಎಂದು 1955ರಲ್ಲಿ ಇನ್ನೊಬ್ಬ ವಿದ್ವಾಂಸ ಆಸ್ಟಿನ್ ಫ್ಯಾರರ್ ಬರೆದರು.

ನನ್ನ ತಲೆ ತಿನ್ನುತ್ತಿರುವುದು ಯೇಸುವನ್ನು ಹೊಡೆಯುವ ಭಾಗ. ಮಾರ್ಕ 14:65ರಲ್ಲಿ 'ಪ್ರವಾದನೆ ಹೇಳು' ಅಂತ ಮಾತ್ರ ಇದೆ. ಮತ್ತಾಯ 26:68, ಲೂಕ 22:64 ಎರಡರಲ್ಲೂ 'ನಿನ್ನನ್ನು ಹೊಡೆದವನು ಯಾರು?' ಅಂತ ಸೇರಿದೆ. ಗ್ರೀಕಿನಲ್ಲಿ 5 ಪದ, ಎರಡೂ ಕಡೆ ಒಂದೇ ಥರ. ಕ್ಯೂನಲ್ಲಿ ಯೇಸುವಿನ ಶ್ರಮೆಯ (ಬಂಧನದಿಂದ ಮರಣದವರೆಗಿನ) ಕಥೆಯೇ ಇರಲಿಲ್ಲ ಅಂತಾರಲ್ವಾ, ಹಾಗಾದರೆ ಇದು ಇಬ್ಬರಿಗೂ ಹೇಗೆ ಸಿಕ್ಕಿತು? ಮುಂದೆ ಹಸ್ತಪ್ರತಿ ನಕಲು ಮಾಡಿದವರು ಲೂಕನಿಂದ ತೆಗೆದು ಮತ್ತಾಯನಲ್ಲಿ ಸೇರಿಸಿದ್ದಾರೆ ಅನ್ನೋದು ಸ್ಟ್ರೀಟರ್ ಉತ್ತರ. ಮಾರ್ಕ, ಲೂಕರಂತೆ ಮತ್ತಾಯ ಯೇಸುವಿನ ಕಣ್ಣು ಮುಚ್ಚಿ ಹೊಡೆದ ವಿಷಯವನ್ನೇ ಹೇಳುವುದಿಲ್ಲ, ಹಾಗಾಗಿ ಆ ಪ್ರಶ್ನೆ ಅಲ್ಲಿ ಸರಿಯಾಗಿ ಕೂರುವುದಿಲ್ಲ ನಿಜ. ಆದರೂ ಹಸ್ತಪ್ರತಿಗಳ ಆಧಾರವಿಲ್ಲದೆ ಅದನ್ನು ಒಪ್ಪಲು ಮನಸ್ಸು ಬರುತ್ತಿಲ್ಲ.

ಹಾಗಂತ ಫ್ಯಾರರ್ ಕಡೆಗೂ ಪೂರ್ತಿ ವಾಲಲು ಆಗುತ್ತಿಲ್ಲ. ಮತ್ತಾಯನ ಬೆಟ್ಟದ ಪ್ರಸಂಗ (ಯೇಸು ಬೆಟ್ಟದ ಮೇಲೆ ಮಾಡಿದ ಉದ್ದ ಬೋಧನೆ) ಕಣ್ಣ ಮುಂದೇ ಇದ್ದಿದ್ದರೆ, ಲೂಕ ಅದನ್ನು ಒಡೆದು ಬೇರೆ ಬೇರೆ ಅಧ್ಯಾಯಗಳಿಗೆ ಹಂಚಿದ್ದು ಯಾಕೆ?

ಕ್ಯೂ ಒಪ್ಪುವವರು ಮತ್ತಾಯ 26:68ಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಕೊಟ್ಟಿದ್ದಾರಾ? ಲೂಕನ ಜೋಡಣೆಯನ್ನು ಫ್ಯಾರರ್ ಪಕ್ಷದವರು ಹೇಗೆ ವಿವರಿಸುತ್ತಾರೆ? ಗ್ರೀಕ್ ಬಲ್ಲವರು ಸ್ವಲ್ಪ ಬಿಡಿಸಿ ಬರೆದರೆ ತುಂಬಾ ಉಪಕಾರ. ಉದ್ದವಾದರೂ ಪರವಾಗಿಲ್ಲ, ಓದುತ್ತೇನೆ.